ಸ್ಕ್ಯಾನಿಂಗಿಗೆ ಮೊದಲು ಕ್ಯಾಲೆಂಡರ್: ಪಿಸಿಒಎಸ್ ಬೇಗ ಗುರುತಿಸಲು ಮನೆಯಿಂದಲೇ ಶುರು ಮಾಡಿ

ನಾನು ಹೈಸ್ಕೂಲಿನಲ್ಲಿದ್ದಾಗಲೇ ನನ್ನ ಕುತ್ತಿಗೆಯ ಹಿಂಭಾಗ ಕಪ್ಪಾಗಿತ್ತು. ಅಮ್ಮ ಅದನ್ನು ಕೊಳೆ ಅಂದುಕೊಂಡಿದ್ದರು. ಎಣ್ಣೆ ಹಚ್ಚಿ ಮೀಯುವ ದಿನ ಬಚ್ಚಲಲ್ಲಿ ಕೂರಿಸಿ, ಕಡ್ಲೆಹಿಟ್ಟು ಹಾಕಿ, ತೆಂಗಿನ ನಾರು ಹಿಡಿದು ಉಜ್ಜುತ್ತಿದ್ದರು. ಚರ್ಮ ಕೆಂಪಾಗಿ ಉರಿಯುತ್ತಿತ್ತು, ಕಪ್ಪು ಮಾತ್ರ ಅಲ್ಲೇ ಇರುತ್ತಿತ್ತು. ಮುಟ್ಟು ಎರಡು ತಿಂಗಳಿಗೊಮ್ಮೆ, ಕೆಲವು ಸಲ ಮೂರು ತಿಂಗಳಿಗೊಮ್ಮೆ. 18 ವರ್ಷ ಆದಾಗ ಅಮ್ಮ ಒಬ್ಬರು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. "ಮದುವೆ ಆದ ಮೇಲೆ ಎಲ್ಲ ಸರಿಯಾಗುತ್ತದೆ" ಅಂದರು, ಕಳಿಸಿದರು. ನನಗೆ ಪಿಸಿಒಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಅಂಡಾಶಯದ ಹಾರ್ಮೋನು ಏರುಪೇರಿನ ತೊಂದರೆ) ಇದೆ ಅಂತ ಗೊತ್ತಾದದ್ದು 29ನೇ ವಯಸ್ಸಿನಲ್ಲಿ, ಮಗುವಾಗಲಿಲ್ಲ ಅಂತ ಮಂಗಳೂರಿಗೆ ಅಲೆಯುವಾಗ. ಆ ಡಾಕ್ಟರು ಕಳಿಸಿದ ಮೇಲೂ ಹನ್ನೊಂದು ವರ್ಷ ಕಾಯಿಲೆ ಕುತ್ತಿಗೆಯ ಮೇಲೆಯೇ ಬರೆದಿತ್ತು. ಓದುವವರು ಇರಲಿಲ್ಲ.

ಹೋದ ವರ್ಷ ಅಕ್ಕನ ಮಗಳಿಗೂ ಅದೇ ತೊಂದರೆ ಅಂತ ಗೊತ್ತಾದಾಗ ನಾನೇ ಜೊತೆಗೆ ಹೋದೆ. ಆಗ ಕಲಿತದ್ದನ್ನು ನಮ್ಮ ಕಾಸರಗೋಡು ಕಡೆಯ ಅಮ್ಮಂದಿರಿಗೆ, ಹೆಣ್ಣುಮಕ್ಕಳಿಗೆ ಉಪಯೋಗವಾಗಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇದು ಡಾಕ್ಟರ ಬದಲಿಗೆ ಅಲ್ಲ. ಡಾಕ್ಟರ ಮುಂದೆ ಕೂರುವಾಗ ಕೈಯಲ್ಲಿ ಏನಿರಬೇಕು, ಯಾವ ಪರೀಕ್ಷೆ ಯಾಕೆ, ಯಾವುದು ಬೇಡ ಎನ್ನುವ ತಿಳುವಳಿಕೆ ಅಷ್ಟೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ

ನಮ್ಮಲ್ಲಿ ಎಲ್ಲರೂ ಪಿಸಿಒಡಿ ಅನ್ನುತ್ತಾರೆ. ಡಾಕ್ಟರರ ಈಗಿನ ಮಾರ್ಗಸೂಚಿಗಳಲ್ಲಿ ಇರುವ ಹೆಸರು ಪಿಸಿಒಎಸ್. ಎರಡು ಬೇರೆ ಕಾಯಿಲೆ ಅಂತ ಹೆದರಬೇಡಿ. ಹೆಸರಿನಲ್ಲಿ "ಸಿಸ್ಟ್" ಇರುವುದರಿಂದ ಹೊಟ್ಟೆಯೊಳಗೆ ಗೆಡ್ಡೆ ಉಂಟು, ಆಪರೇಷನ್ ಬೇಕು ಅಂತ ತುಂಬಾ ಜನ ತಿಳಿದುಕೊಳ್ಳುತ್ತಾರೆ. ಅದು ಗೆಡ್ಡೆ ಅಲ್ಲ. ಅಡಿಕೆಯ ಹಿಂಗಾರದಲ್ಲಿ ಬೇಕಾದಷ್ಟು ಎಳೆ ಕಾಯಿ ಹಿಡಿದು ಯಾವುದೂ ಬೆಳೆಯದೆ ಅಲ್ಲಿಗೇ ನಿಂತರೆ ಹೇಗೆ, ಹಾಗೆ ಅಂಡಾಶಯದಲ್ಲಿ ಅಂಡದ ಸಣ್ಣ ಸಣ್ಣ ಕೋಶಗಳು ಅರ್ಧದಲ್ಲಿ ನಿಂತಿರುತ್ತವೆ. ಅಂಡ ಬಲಿತು ಹೊರಗೆ ಬರುವುದಿಲ್ಲ, ಹಾಗಾಗಿ ಮುಟ್ಟು ತಡವಾಗುತ್ತದೆ. ಇದರ ಹಿಂದೆ ಹೆಚ್ಚಿನವರಲ್ಲಿ ಇರುವುದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದ ತೊಂದರೆ. ದೇಹ ಜಾಸ್ತಿ ಇನ್ಸುಲಿನ್ ಮಾಡುತ್ತದೆ, ಅದು ಅಂಡಾಶಯವನ್ನು ಕೆದಕಿ ಗಂಡು ಹಾರ್ಮೋನು ಜಾಸ್ತಿ ಮಾಡಿಸುತ್ತದೆ. ಕುತ್ತಿಗೆಯ ಕಪ್ಪು, ಗಲ್ಲದ ರೋಮ, ಮೊಡವೆ ಎಲ್ಲ ಆ ಸರಪಳಿಯಲ್ಲೇ ಬರುತ್ತವೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಮುಟ್ಟಾಗುವ ವಯಸ್ಸಿನ 100 ಹೆಂಗಸರಲ್ಲಿ 10ರಿಂದ 13 ಮಂದಿಗೆ ಇದು ಉಂಟು. ಜಗತ್ತಿನಲ್ಲಿ ಇದು ಇರುವವರಲ್ಲಿ 100ಕ್ಕೆ 70ರವರೆಗೂ ಮಂದಿಗೆ ತಮಗೆ ಇದೆ ಅಂತಲೇ ಗೊತ್ತಿಲ್ಲ.

ಕ್ಯಾಲೆಂಡರಿನಲ್ಲಿ ಗುರುತು ಹಾಕಿ

ಇದು ಎಲ್ಲಕ್ಕಿಂತ ಮುಖ್ಯ, ಮತ್ತು ಒಂದು ರೂಪಾಯಿಯೂ ಖರ್ಚಿಲ್ಲ. ಹಿಂದೆ ನಮ್ಮ ಮನೆಗಳಲ್ಲಿ ಮುಟ್ಟಾದವರು ಮೂರು ದಿನ ಹೊರಗೆ ಕೂರುತ್ತಿದ್ದರು. ಆ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಆದರೆ ಆಗ ಯಾರು ಯಾವಾಗ ಹೊರಗೆ ಕೂತರು ಅಂತ ಅಜ್ಜಿಗೆ ಬಾಯಿಪಾಠ ಇರುತ್ತಿತ್ತು. "ಇವಳು ಈ ತಿಂಗಳು ಆಗಲೇ ಇಲ್ಲವಲ್ಲ" ಅಂತ ಒಬ್ಬರಾದರೂ ಕೇಳುತ್ತಿದ್ದರು. ಈಗ ಆ ಲೆಕ್ಕ ಯಾರ ಹತ್ತಿರವೂ ಇಲ್ಲ. ಹುಡುಗಿ ಹಾಸ್ಟೆಲಿನಲ್ಲಿ, ಅಮ್ಮ ಮನೆಯಲ್ಲಿ.

ಅಕ್ಕನ ಮಗಳನ್ನು ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಕೊನೆಯ ಸಲ ಯಾವಾಗ ಆದದ್ದು?" ಅವಳು ಅಮ್ಮನ ಮುಖ ನೋಡಿದಳು. ಅಕ್ಕ ನನ್ನ ಮುಖ ನೋಡಿದಳು. "ದೀಪಾವಳಿಗೆ ಆಗಿತ್ತು, ಆಮೇಲೆ ಕುಂಬಳೆ ಆಯನದ ಹೊತ್ತಿಗೆ ಒಂದು ಸಲ" ಅಂತ ಲೆಕ್ಕ ಹಾಕಲು ಶುರು ಮಾಡಿದೆವು. ಹೊರಗೆ ಐವತ್ತು ಜನ ಕಾಯುತ್ತಿರುವಾಗ ಡಾಕ್ಟರಿಗೆ ಆ ಕತೆ ಕೇಳಲು ಸಮಯ ಎಲ್ಲಿಂದ ಬರಬೇಕು?

ಆದ್ದರಿಂದ ಇವತ್ತೇ ಶುರು ಮಾಡಿ. ಸೊಸೈಟಿ ಬ್ಯಾಂಕಿನವರು ಕೊಟ್ಟ ಕ್ಯಾಲೆಂಡರು ಗೋಡೆಯಲ್ಲಿ ಇದ್ದೇ ಇರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ ಬರೆಯುವ ಜಾಗದಲ್ಲೇ ಒಂದು ಸಣ್ಣ ಚುಕ್ಕೆ ಸಾಕು. ನಾಚಿಕೆ ಆದರೆ ಮೊಬೈಲಿನಲ್ಲಿ ಬರೆದಿಡಿ. ಶುರುವಾದ ದಿನ 1. ಅಲ್ಲಿಂದ ಮುಂದಿನ ಸಲ ಶುರುವಾಗುವ ಹಿಂದಿನ ದಿನದವರೆಗೆ ಎಣಿಸಿ. ನಿಂತ ದಿನದಿಂದ ಎಣಿಸುವುದು ತುಂಬಾ ಜನ ಮಾಡುವ ತಪ್ಪು. ಎಷ್ಟು ದಿನ ಹೋಯಿತು, ತುಂಬಾ ಹೋಯಿತಾ ಅಂತಲೂ ಪಕ್ಕದಲ್ಲಿ ಬರೆಯಿರಿ.

ಈಗ ಲೆಕ್ಕ ನೋಡುವ ರೀತಿ. ಮೊದಲ ಸಲ ಮುಟ್ಟಾಗಿ ಒಂದು ವರ್ಷದೊಳಗೆ ಏರುಪೇರು ಸಹಜ, ಸುಮ್ನೆ ಹೆದರಬೇಡಿ. ಮೊದಲ ಮುಟ್ಟಾಗಿ ಒಂದರಿಂದ ಮೂರು ವರ್ಷದ ನಡುವೆ ಇರುವ ಹುಡುಗಿಗೆ 21 ದಿನಕ್ಕಿಂತ ಬೇಗ ಅಥವಾ 45 ದಿನಕ್ಕಿಂತ ತಡವಾಗಿ ಆಗುತ್ತಾ ಇದ್ದರೆ ಗಮನ ಕೊಡಬೇಕು. ಮೂರು ವರ್ಷ ದಾಟಿದ ಮೇಲೆ 21ಕ್ಕಿಂತ ಕಡಿಮೆ, 35ಕ್ಕಿಂತ ಜಾಸ್ತಿ, ಅಥವಾ ವರ್ಷಕ್ಕೆ 8 ಸಲಕ್ಕಿಂತ ಕಡಿಮೆ ಆದರೆ ಅದು ಏರುಪೇರು. ಮೊದಲ ವರ್ಷ ಕಳೆದ ಯಾರಿಗೇ ಆಗಲಿ, ಒಂದೇ ಒಂದು ಸಲ 90 ದಿನ ದಾಟಿದರೂ ಡಾಕ್ಟರ ಹತ್ತಿರ ಹೋಗಬೇಕು. 15 ವರ್ಷ ಆದರೂ ಮೈನೆರೆಯದ ಹುಡುಗಿಯನ್ನೂ ತೋರಿಸಬೇಕು. ಮದುವೆಯಾದವರು ಮುಟ್ಟು ತಪ್ಪಿದರೆ ಮೊದಲು ಗರ್ಭಿಣಿಯಲ್ಲ ಎನ್ನುವುದನ್ನು ಖಾತ್ರಿ ಮಾಡಿಕೊಳ್ಳಿ. ಮೆಡಿಕಲ್ ಅಂಗಡಿಯ ಮೂತ್ರ ಪರೀಕ್ಷೆಯ ಕಾರ್ಡು ಸಾಕು.

"ಮುಟ್ಟಾಗದಿದ್ದರೆ ಒಳ್ಳೆಯದೇ ಅಲ್ವಾ, ತೊಂದರೆ ಇಲ್ಲ" ಅನ್ನುವವರೂ ಉಂಟು. ತಿಂಗಳುಗಟ್ಟಲೆ ಆಗದಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಮುಂದೆ ಅಲ್ಲಿ ಕ್ಯಾನ್ಸರಿನ ಅಪಾಯವೂ ಹೆಚ್ಚುತ್ತದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಮೂರು ತಿಂಗಳ ಗಡಿ ಯಾಕೆ ಮುಖ್ಯ ಅಂತ ತಿಳಿಯಬೇಕು, ಅದಕ್ಕೆ ಹೇಳಿದೆ.

ಕನ್ನಡಿಯ ಮುಂದೆ ಐದು ನಿಮಿಷ

ಮೇಲ್ತುಟಿ, ಗಲ್ಲ, ಎದೆ, ಹೊಕ್ಕುಳಿನ ಮೇಲೆ ಮತ್ತು ಕೆಳಗೆ, ತೋಳು, ತೊಡೆ, ಬೆನ್ನು. ಇಲ್ಲಿ ಗಂಡಸರಿಗೆ ಬರುವ ಹಾಗೆ ದಪ್ಪ, ಕಪ್ಪು ರೋಮ ಬರುತ್ತಿದೆಯಾ ನೋಡಿ. ನಯವಾದ ಎಳೆ ರೋಮ ಲೆಕ್ಕಕ್ಕಿಲ್ಲ. ಡಾಕ್ಟರು ಒಂದೊಂದು ಜಾಗಕ್ಕೂ 0ರಿಂದ 4ರವರೆಗೆ ಅಂಕ ಕೊಟ್ಟು ಕೂಡಿಸುತ್ತಾರೆ. ಇಲ್ಲಿ ಒಂದು ಸಂಗತಿ ತಪ್ಪಿಹೋಗುತ್ತದೆ. ನಮ್ಮ ಹುಡುಗಿಯರು ಡಾಕ್ಟರ ಹತ್ತಿರ ಹೋಗುವ ಹಿಂದಿನ ದಿನ ಪಾರ್ಲರಿಗೆ ಹೋಗಿ ಥ್ರೆಡ್ಡಿಂಗ್ ಮಾಡಿಸಿಕೊಂಡು ಬರುತ್ತಾರೆ. ನಾನೂ ಹಾಗೇ ಮಾಡಿದ್ದೆ. ಡಾಕ್ಟರಿಗೆ ಕಾಣುವುದು ನುಣುಪಾದ ಮುಖ. ತೆಗೆಸುವ ಮೊದಲು ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಎಷ್ಟು ದಿನಕ್ಕೊಮ್ಮೆ ತೆಗೆಸುತ್ತೀರಿ ಅಂತ ಬಾಯಿ ಬಿಟ್ಟು ಹೇಳಿ.

ತಲೆಕೂದಲು ಬೈತಲೆಯ ಹತ್ತಿರ ತೆಳ್ಳಗಾಗುತ್ತಿದೆಯಾ, ಹದಿನೆಂಟು ಇಪ್ಪತ್ತು ದಾಟಿದರೂ ಗಲ್ಲದ ಅಂಚಿನಲ್ಲಿ ದೊಡ್ಡ ಮೊಡವೆ ಹೋಗುತ್ತಿಲ್ಲವಾ ನೋಡಿ. ಕುತ್ತಿಗೆಯ ಹಿಂದೆ, ಕಂಕುಳಲ್ಲಿ ಚರ್ಮ ಕಪ್ಪಾಗಿ, ಮುಟ್ಟಿದರೆ ಮಖಮಲ್ಲಿನ ಹಾಗೆ ದಪ್ಪಗೆ ಇದ್ದರೆ ಅದು ಇನ್ಸುಲಿನ್ ತೊಂದರೆಯ ಗುರುತು. ದಯವಿಟ್ಟು ನಾರಿನಲ್ಲಿ ಉಜ್ಜಬೇಡಿ. ಮಕ್ಕಳನ್ನು ಬೈಯಬೇಡಿ. ಅದು ಕೊಳೆ ಅಲ್ಲ.

ಟೇಪಿನಲ್ಲಿ ಸೊಂಟದ ಸುತ್ತಳತೆಯನ್ನೂ ತೆಗೆದುಕೊಳ್ಳಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಎಚ್ಚರ ಬೇಕು. ಆದರೆ ಸಪೂರ ಇರುವವರಿಗೆ ಪಿಸಿಒಎಸ್ ಬರುವುದಿಲ್ಲ ಅನ್ನುವುದು ತಪ್ಪು. ಅಕ್ಕನ ಮಗಳು ಕಡ್ಡಿಯ ಹಾಗಿದ್ದಾಳೆ. "ಇವಳಿಗೆ ಎಂತ ಪಿಸಿಒಡಿ" ಅಂತ ನೆಂಟರೆಲ್ಲ ಹೇಳಿದ್ದರಿಂದಲೇ ಒಂದು ವರ್ಷ ತಡವಾಯಿತು.

ಒಂದು ಅಪಾಯದ ಸೂಚನೆ ಮಾತ್ರ ಬೇರೆ. ರೋಮ ಕೆಲವೇ ತಿಂಗಳಲ್ಲಿ ಜೋರಾಗಿ ಬೆಳೆದರೆ, ದನಿ ಗಡಸಾದರೆ ಕ್ಯಾಲೆಂಡರ್ ಬರೆಯುತ್ತಾ ಕೂರಬೇಡಿ. ಅದು ಬೇರೆ ಗಂಭೀರ ಕಾರಣದಿಂದಲೂ ಇರಬಹುದು, ತಕ್ಷಣ ತೋರಿಸಿ.

ಎಲ್ಲಿಗೆ ಹೋಗುವುದು, ಯಾವ ಮಾತಿನಲ್ಲಿ ಹೇಳುವುದು

ನಮ್ಮಲ್ಲಿ ಸ್ವಲ್ಪ ಕಷ್ಟ ಅಂದರೆ ನೇರ ಮಂಗಳೂರಿಗೆ ಹೋಗುವ ಅಭ್ಯಾಸ. ಮೊದಲ ಹಂತಕ್ಕೆ ಅದು ಬೇಕಾಗಿಲ್ಲ. ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ತೂಕ, ಬಿಪಿ, ಶುಗರ್ ನೋಡುತ್ತಾರೆ, ಮುಂದೆ ಯಾರಿಗೆ ತೋರಿಸಬೇಕು ಅಂತ ಬರೆದುಕೊಡುತ್ತಾರೆ. ಮದುವೆಯಾಗದ ಹುಡುಗಿ ಗರ್ಭಿಣಿಯರ ಸಾಲಿನಲ್ಲಿ ಕೂತರೆ ಬಸ್ಸಿನಲ್ಲಿ ಕಂಡವರು ಏನೆಂದುಕೊಳ್ಳುತ್ತಾರೆ ಎಂಬ ಸಂಕಟ ನನಗೆ ಗೊತ್ತು, ನಾನೂ ಅನುಭವಿಸಿದ್ದೇನೆ. ಆ ಸಂಕಟಕ್ಕೂ ಸಾಮಾನ್ಯ ಡಾಕ್ಟರಿಂದ ಶುರು ಮಾಡುವುದು ಒಳ್ಳೆಯ ಉಪಾಯ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಯಾವ ದಿನ ಯಾವ ಡಾಕ್ಟರು ಇರುತ್ತಾರೆ ಅಂತ ಹೇಳುತ್ತಾರೆ.

ಭಾಷೆಯ ತೊಡಕು ನಮ್ಮ ಗಡಿಯವರಿಗೆ ಮಾತ್ರ ಅರ್ಥವಾಗುವಂಥದ್ದು. ತಲೆನೋವನ್ನು ಹೇಗೋ ಹೇಳಬಹುದು, ಮುಟ್ಟಿನ ವಿಷಯವನ್ನು ಅರೆಬರೆ ಮಲಯಾಳದಲ್ಲಿ ಹೇಳುವುದು ಕಷ್ಟ. ಮಲಯಾಳದಲ್ಲಿ ಮುಟ್ಟಿಗೆ "ಮಾಸಮುರ" ಅನ್ನುತ್ತಾರೆ, "ಪೀರಿಯಡ್ಸ್" ಅಂದರೂ ಸಾಕು. ಮಾತಿಗಿಂತ ಕಾಗದ ಸುಲಭ. ಒಂದು ಹಾಳೆಯಲ್ಲಿ ತಾರೀಕುಗಳನ್ನು ಅಂಕೆಯಲ್ಲಿ ಬರೆದು ಕೊಡಿ. ಅಂಕೆಗೆ ಭಾಷೆ ಇಲ್ಲ. ನಾವು ಎರಡನೇ ಸಲ ಹೋದಾಗ ಅಕ್ಕನ ಮಗಳು ಹಾಳೆ ಮುಂದಿಟ್ಟಳು: 52 ದಿನ, 71 ದಿನ, 48 ದಿನ, 66 ದಿನ. ಡಾಕ್ಟರು ಪೆನ್ನು ಕೆಳಗಿಟ್ಟು ಮೊದಲ ಸಲ ಅವಳ ಮುಖ ನೋಡಿ ಮಾತಾಡಿದರು.

ಆ ಹಾಳೆಯಲ್ಲಿ ಇನ್ನೂ ಕೆಲವು ಇರಲಿ. ಮೊದಲ ಸಲ ಮುಟ್ಟಾದ ವಯಸ್ಸು, ಈಗ ತೆಗೆದುಕೊಳ್ಳುವ ಮಾತ್ರೆಗಳು (ಮದ್ದಿನ ಪೊಟ್ಟಣವನ್ನೇ ಕೊಂಡೊಯ್ಯಿರಿ, ನಾಟಿ ಮದ್ದು ಇದ್ದರೂ ಹೇಳಿ), ಅಮ್ಮನಿಗೋ ಅಕ್ಕತಂಗಿಯರಿಗೋ ಹೀಗೆ ಉಂಟಾ, ಮನೆಯಲ್ಲಿ ಯಾರಿಗೆ ಸಕ್ಕರೆ ಕಾಯಿಲೆ. ಮನಸ್ಸಿನ ವಿಷಯವನ್ನೂ ಮುಚ್ಚಿಡಬೇಡಿ. ನಿದ್ದೆ ಬಾರದಿರುವುದು, ಸುಮ್ಮಸುಮ್ಮನೆ ಅಳು ಬರುವುದು, ಗಾಬರಿ ಇವೆಲ್ಲ ಈ ತೊಂದರೆ ಇರುವವರಲ್ಲಿ ಜಾಸ್ತಿ.

ಮೂರರಲ್ಲಿ ಎರಡು

ಡಾಕ್ಟರು ನಿರ್ಧರಿಸುವ ಸೂತ್ರ ಸರಳ. 2003ರಲ್ಲಿ ರೋಟರ್‌ಡ್ಯಾಮ್‌ನಲ್ಲಿ ತಜ್ಞರು ಸೇರಿ ಒಪ್ಪಿದ್ದು, 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಇನ್ನಷ್ಟು ತಿದ್ದಿದ್ದಾರೆ. ಒಂದು, ಮುಟ್ಟಿನ ಏರುಪೇರು. ಎರಡು, ಗಂಡು ಹಾರ್ಮೋನು ಜಾಸ್ತಿ ಇರುವ ಗುರುತು, ಮೈಮೇಲೆ ಕಂಡರೂ ಆಯಿತು, ರಕ್ತದಲ್ಲಿ ಕಂಡರೂ ಆಯಿತು. ಮೂರು, ಸ್ಕ್ಯಾನಿಂಗಿನಲ್ಲಿ ಅಂಡಾಶಯದ ರೂಪ, ಅಥವಾ ಅದರ ಬದಲಿಗೆ ರಕ್ತದಲ್ಲಿ ಎಎಂಎಚ್ ಎಂಬ ಪರೀಕ್ಷೆ. ಬೇರೆ ಕಾರಣಗಳಿಲ್ಲ ಅಂತ ಖಾತ್ರಿಯಾದ ಮೇಲೆ, ದೊಡ್ಡವರಿಗೆ ಇದರಲ್ಲಿ ಯಾವುದಾದರೂ ಎರಡು ಇದ್ದರೆ ಪಿಸಿಒಎಸ್.

ಅಂದರೆ ಮುಟ್ಟು ಏರುಪೇರಾಗಿ, ಗಲ್ಲದಲ್ಲಿ ರೋಮವೂ ಇದ್ದರೆ ಸ್ಕ್ಯಾನಿಂಗ್ ಇಲ್ಲದೆಯೇ ತೀರ್ಮಾನ ಆಗಬಹುದು. ನಮ್ಮಲ್ಲಿ ನಡೆಯುವುದು ತಿರುಗಾಮುರುಗಾ. ಮೊದಲು ಸ್ಕ್ಯಾನಿಂಗ್, ಆಮೇಲೆ ಮಾತು.

ಹದಿಹರೆಯದವರ ಲೆಕ್ಕ ಬೇರೆ, ಇದನ್ನು ದಯವಿಟ್ಟು ನಿಧಾನವಾಗಿ ಓದಿ. ಮೊದಲ ಮುಟ್ಟಿನಿಂದ 8 ವರ್ಷದವರೆಗೆ ಸ್ಕ್ಯಾನಿಂಗನ್ನಾಗಲಿ ಎಎಂಎಚ್ ಅನ್ನಾಗಲಿ ಪಿಸಿಒಎಸ್ ತೀರ್ಮಾನಕ್ಕೆ ಬಳಸಬಾರದು. ಆ ವಯಸ್ಸಿನಲ್ಲಿ ಆರೋಗ್ಯವಂತ ಹುಡುಗಿಯರ ಅಂಡಾಶಯದಲ್ಲೂ ಸಣ್ಣ ಕೋಶಗಳು ತುಂಬಾ ಕಾಣುತ್ತವೆ. ಅವರಿಗೆ ಮುಟ್ಟಿನ ಏರುಪೇರು, ಗಂಡು ಹಾರ್ಮೋನಿನ ಗುರುತು ಎರಡೂ ಇರಲೇಬೇಕು. ಒಂದೇ ಇದ್ದರೆ "ಮುಂದೆ ಬರಬಹುದು" ಅಂತ ಗುರುತು ಮಾಡಿಟ್ಟು, ತೊಂದರೆಗೆ ಮದ್ದು ಕೊಟ್ಟು, ವರ್ಷ ವರ್ಷ ನೋಡುತ್ತಾ ಇರಬೇಕು. ಅಕ್ಕನ ಮಗಳು 13ರಲ್ಲಿ ಮೈನೆರೆದವಳು, ಆಗ 19. ಮೊದಲು ಹೋದ ಕಡೆ ಸ್ಕ್ಯಾನಿಂಗ್ ಬರೆದುಕೊಟ್ಟರು. ರಿಪೋರ್ಟಿನಲ್ಲಿದ್ದ ಒಂದು ಸಾಲು ಓದಿ ಬದಿಯಡ್ಕ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅಳುತ್ತಾ ಬಂದಳು, ತನಗೆ ಮಕ್ಕಳೇ ಆಗುವುದಿಲ್ಲ ಅಂತ. ಎರಡನೇ ಡಾಕ್ಟರು ಆ ರಿಪೋರ್ಟನ್ನು ಮಡಚಿ ಪಕ್ಕಕ್ಕಿಟ್ಟರು. ತೀರ್ಮಾನ ಮಾಡಿದ್ದು ಅವಳ ಹಾಳೆಯ ತಾರೀಕು, ಗಲ್ಲದ ರೋಮ ಮತ್ತು ರಕ್ತಪರೀಕ್ಷೆಯಿಂದ. ಮಕ್ಕಳಾಗುವುದಿಲ್ಲ ಎಂಬ ಮಾತು ಸುಳ್ಳು. ಪಿಸಿಒಎಸ್ ಇರುವ ಹೆಚ್ಚಿನವರಿಗೆ ತಾನಾಗಿಯೋ ಮದ್ದಿನಿಂದಲೋ ಮಕ್ಕಳಾಗುತ್ತವೆ. ಇದನ್ನು ಹುಡುಗಿಗೆ ಮೊದಲ ದಿನವೇ ಹೇಳಿ.

ರಕ್ತಪರೀಕ್ಷೆಯ ದಿನ

ಬೇರೆ ಕಾರಣ ಇಲ್ಲ ಅಂತ ನೋಡಲು ಥೈರಾಯ್ಡಿನ ಟಿಎಸ್‌ಎಚ್, ಪ್ರೊಲ್ಯಾಕ್ಟಿನ್, 17 ಒಎಚ್ ಪ್ರೊಜೆಸ್ಟಿರಾನ್. ಗಂಡು ಹಾರ್ಮೋನು ನೋಡಲು ಟೆಸ್ಟೋಸ್ಟಿರಾನ್. ಇವುಗಳಲ್ಲಿ ಟಿಎಸ್‌ಎಚ್ ಬಿಡಲೇಬೇಡಿ. ನಮ್ಮ ಪಕ್ಕದ ಮನೆಯ ಹುಡುಗಿ ಪಿಸಿಒಡಿ ಅಂತ ಒಂದು ವರ್ಷ ಮಾತ್ರೆ ತಿಂದಳು, ಇದ್ದದ್ದು ಥೈರಾಯ್ಡ್.

ಹಾರ್ಮೋನು ಪರೀಕ್ಷೆಗೆ ಸಾಮಾನ್ಯವಾಗಿ ಮುಟ್ಟಿನ 2ರಿಂದ 5ನೇ ದಿನದೊಳಗೆ ಬೆಳಿಗ್ಗೆ ಬರಲು ಹೇಳುತ್ತಾರೆ. ಮುಟ್ಟೇ ಆಗದಿದ್ದರೆ ಯಾವ ದಿನ ಅಂತ ಡಾಕ್ಟರನ್ನೇ ಕೇಳಿ. ಮುಟ್ಟು ಸರಿಮಾಡುವ ಗರ್ಭನಿರೋಧಕ ಮಾತ್ರೆ ತಿನ್ನುತ್ತಿದ್ದರೆ ಗಂಡು ಹಾರ್ಮೋನಿನ ಫಲಿತಾಂಶ ನಂಬುವ ಹಾಗಿಲ್ಲ, ನಿಲ್ಲಿಸಿ ಮೂರು ತಿಂಗಳು ಬೇಕು. ನೀವೇ ನಿಲ್ಲಿಸಬೇಡಿ, ಕೇಳಿ ನಿಲ್ಲಿಸಿ. ಮಾತ್ರೆ ಶುರು ಮಾಡುವ ಮೊದಲೇ ರಕ್ತ ಕೊಡುವುದು ಎಲ್ಲಕ್ಕಿಂತ ಸುಲಭ. ಕೂದಲು ಉದುರುತ್ತದೆ ಅಂತ ಬಯೋಟಿನ್ ಮಾತ್ರೆ ತಿನ್ನುವವರು ಜಾಸ್ತಿ ಆಗಿದ್ದಾರೆ. ಅದು ಥೈರಾಯ್ಡ್ ಮುಂತಾದ ಪರೀಕ್ಷೆಗಳನ್ನು ತಪ್ಪು ತೋರಿಸಬಹುದು. ಕನಿಷ್ಠ 2 ದಿನ ಮೊದಲು ಬಿಡಿ, ಲ್ಯಾಬಿನಲ್ಲೂ ಹೇಳಿ.

ಸಕ್ಕರೆ ಪರೀಕ್ಷೆ ಎಲ್ಲರಿಗೂ ಬೇಕು, ಸಪೂರ ಇರುವವರಿಗೂ. ಬರೀ ಖಾಲಿಹೊಟ್ಟೆಯ ಶುಗರ್ ಸಾಕಾಗುವುದಿಲ್ಲ. 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕಲಸಿ ಕುಡಿಸಿ, 2 ಗಂಟೆಯ ನಂತರ ಮತ್ತೆ ರಕ್ತ ತೆಗೆಯುವ ಪರೀಕ್ಷೆ ಕೇಳಿ. 2 ಗಂಟೆಯದ್ದು 140ಕ್ಕಿಂತ ಕಡಿಮೆ ಇದ್ದರೆ ಸರಿ. 140ರಿಂದ 199 ಸಕ್ಕರೆ ಕಾಯಿಲೆಯ ಹೊಸ್ತಿಲು. 200 ಮುಟ್ಟಿದರೆ ಸಕ್ಕರೆ ಕಾಯಿಲೆ. ಹಿಂದಿನ ರಾತ್ರಿ ಊಟದ ನಂತರ ಕನಿಷ್ಠ 8 ಗಂಟೆ ಬರೀ ನೀರು ಮಾತ್ರ, ಬೆಳಗ್ಗಿನ ಚಹಾವೂ ಇಲ್ಲ. ಪೆರ್ಲ, ಮುಳ್ಳೇರಿಯ ಕಡೆಯಿಂದ ಬರುವವರು ಮೊದಲ ಬಸ್ಸು ಹಿಡಿಯಿರಿ. ಆ 2 ಗಂಟೆ ಪೇಟೆ ಸುತ್ತಬಾರದು, ಕೂತೇ ಇರಬೇಕು. ಬುತ್ತಿಯಲ್ಲಿ ಎರಡು ದೋಸೆ ತೆಗೆದುಕೊಂಡು ಹೋಗಿ, ಎರಡನೇ ರಕ್ತ ಕೊಟ್ಟ ಕೂಡಲೇ ತಿನ್ನಲು. ಕೊಲೆಸ್ಟರಾಲನ್ನೂ ಅದೇ ಸೂಜಿಯಲ್ಲಿ ಮುಗಿಸಬಹುದು.

ಸ್ಕ್ಯಾನಿಂಗ್ ಬೇಕೇ ಆದರೆ

ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗಿಗೆ ಮೂತ್ರಕೋಶ ತುಂಬಿರಬೇಕು. ಮನೆಯಿಂದಲೇ ನೀರು ಕುಡಿದು ಹೊಂಡದ ರಸ್ತೆಯಲ್ಲಿ ಬಸ್ಸು ಹತ್ತಬೇಡಿ, ಅಲ್ಲಿಗೆ ಹೋದ ಮೇಲೆ ನಾಲ್ಕೈದು ಲೋಟ ಕುಡಿದು ಕಾಯಿರಿ. ಒಳಗಿನಿಂದ ಮಾಡುವ ಸ್ಕ್ಯಾನಿಂಗ್ ಚೆನ್ನಾಗಿ ಕಾಣಿಸುತ್ತದೆ, ಆದರೆ ಮದುವೆಯಾಗದ ಹುಡುಗಿಯರಿಗೆ ಅದನ್ನು ಮಾಡುವುದಿಲ್ಲ. ಒಳಗಿನಿಂದ ನೋಡುವಾಗ ಒಂದು ಅಂಡಾಶಯದಲ್ಲಿ 20 ಅಥವಾ ಜಾಸ್ತಿ ಸಣ್ಣ ಕೋಶಗಳು, ಹೊಟ್ಟೆಯ ಮೇಲಿಂದ ನೋಡುವಾಗ ಅಂಡಾಶಯದ ಗಾತ್ರ 10 ಮಿಲಿಲೀಟರ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಲೆಕ್ಕಕ್ಕೆ ಬರುತ್ತದೆ. ಮುಟ್ಟು ಸರಿಯಾಗಿದ್ದು, ರೋಮ ಮೊಡವೆ ಏನೂ ಇಲ್ಲದೆ, ಬೇರೆ ಯಾವುದಕ್ಕೋ ಮಾಡಿದ ಸ್ಕ್ಯಾನಿಂಗಿನಲ್ಲಿ ಮಾತ್ರ ಹೀಗೆ ಕಂಡರೆ ಅದು ಪಿಸಿಒಎಸ್ ಅಲ್ಲ.

ತೀರ್ಮಾನ ಆದ ದಿನ

ಮದ್ದಿನ ಚೀಟಿ ಹಿಡಿದು ಓಡಿ ಬರಬೇಡಿ, ಮೂರು ಪ್ರಶ್ನೆ ಕೇಳಿ. ಈ ಮಾತ್ರೆ ಯಾವುದಕ್ಕೆ, ಮುಟ್ಟಿಗಾ, ಸಕ್ಕರೆಗಾ, ರೋಮಕ್ಕಾ? ಎಷ್ಟು ತಿಂಗಳು? ಮತ್ತೆ ಯಾವಾಗ ಬರಬೇಕು? ಊಟ, ನಡಿಗೆ, ನಿದ್ದೆಯ ವಿಷಯ ಹೇಳಿದರೆ ಅದನ್ನು ಮದ್ದಿನಷ್ಟೇ ಗಟ್ಟಿಯಾಗಿ ಹಿಡಿಯಿರಿ. ತೂಕ ಜಾಸ್ತಿ ಇರುವವರು 100ಕ್ಕೆ 5 ಪಾಲು ಇಳಿಸಿದರೂ ಮುಟ್ಟು ಸುಧಾರಿಸುವುದುಂಟು.

ಎಲ್ಲ ಕಾಗದಗಳ ಒಂದು ಫೈಲು ನಿಮ್ಮ ಮನೆಯಲ್ಲೇ ಇರಲಿ, ಮೊಬೈಲಿನಲ್ಲಿ ಫೋಟೋವೂ ಇರಲಿ. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ನನ್ನ ಕಾಗದವೆಲ್ಲ ಮಂಗಳೂರಿನ ಆಸ್ಪತ್ರೆಯಲ್ಲಿತ್ತು. ಇಲ್ಲಿಯ ಡಾಕ್ಟರು ಮೊದಲಿಂದ ಎಲ್ಲ ಕೇಳಬೇಕಾಯಿತು.

ಸಕ್ಕರೆ ಪರೀಕ್ಷೆಯನ್ನು 1ರಿಂದ 3 ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಗರ್ಭಿಣಿಯಾದರೆ ಮೊದಲ ಭೇಟಿಯಲ್ಲೇ "ನನಗೆ ಪಿಸಿಒಎಸ್ ಉಂಟು" ಅಂತ ಹೇಳಿ. ಮನೆಯ ಬೇರೆ ಹೆಂಗಸರನ್ನೂ ಮರೆಯಬೇಡಿ. ಮಗಳಿಗೆ ಗ್ಲೂಕೋಸ್ ಪರೀಕ್ಷೆ ಮಾಡಿಸಿದ ದಿನ ಅಕ್ಕನೂ ಖಾಲಿಹೊಟ್ಟೆಯಲ್ಲೇ ಬಂದಿದ್ದಳು, ಮಗಳು ತಿನ್ನದೆ ತಾನು ಹೇಗೆ ತಿನ್ನುವುದು ಅಂತ. ನಾನು ಒತ್ತಾಯ ಮಾಡಿ ಅವಳ ರಕ್ತವನ್ನೂ ಕೊಡಿಸಿದೆ. ಮಗಳದ್ದು 118 ಬಂತು. ಅಕ್ಕನದ್ದು 168.